ಹೊಸ್ತಿಲ ಪಟ್ಟಿ

ಸಂಜೆಯಾದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಮೂಡಲಗಿಯ ನಮ್ಮ ಮನೆಯ ಮುಂದೆ ಹಾಯುತ್ತವೆ. ಡ್ರೈವರುಗಳು ಹಚ್ಚಿದ ಹಾಡಿನ ಗುದ್ದು ಗೋಡೆಗೆ ಬಡಿದು ಅಡುಗೆಮನೆಯ ಡಬ್ಬಿಗಳು ನಡುಗುತ್ತವೆ. ಅದು ಎಲ್ಲರ ಮನೆಯಲ್ಲೂ ಆಗುವಂಥದ್ದು. ಆದರೆ ಟ್ರ್ಯಾಕ್ಟರು ತಿರುವು ದಾಟಿ ಹೋದ ಮೇಲೂ ನನ್ನ ಒಳಕೋಣೆಯಲ್ಲಿ ಒಂದು ಸ್ವರ ಉಳಿಯುತ್ತದೆ. ಎರಡು ಉಸಿರಿನಷ್ಟು ಹೊತ್ತು, ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ.

ಹೆಪ್ಪಿಗೆ ಮೊಸರು ಕೇಳಲು ಬಂದ ಬಾಜೂ ಮನೆಯ ಹೆಣ್ಣುಮಗಳು ಒಮ್ಮೆ ಬಾಗಿಲಲ್ಲೇ ನಿಂತುಬಿಟ್ಟಳು.

“ಅಕ್ಕಾರ, ಒಳಗ ಯಾರ ಅದಾರ್ರಿ?”

“ಯಾರೂ ಇಲ್ಲವಾ. ಕಟ್ಟಿಗಿ ಅದು.”

“ಕಟ್ಟಿಗಿ ಹಿಂಗ ಮುಲಕತೈತೇನ್ರಿ?”

ಮೊಸರು ತೆಗೆದುಕೊಳ್ಳದೇ ಹೋದಳು.

ಒಳಕೋಣೆಯಲ್ಲಿರುವುದು ಮರಿಂಬಾ. ಕಂಡಿಲ್ಲದವರಿಗೆ ಹೇಳುವುದಾದರೆ, ಅಡ್ಡ ಮಲಗಿಸಿದ ಏಣಿಯಂಥ ವಾದ್ಯ. ಸಾಲಾಗಿ ಮರದ ಪಟ್ಟಿಗಳು, ಎಡಗಡೆ ಉದ್ದ, ಬಲಕ್ಕೆ ಹೋದಂತೆ ಗಿಡ್ಡ. ಪ್ರತಿ ಪಟ್ಟಿಯ ಕೆಳಗೆ ಒಂದೊಂದು ಕೊಳವೆ. ನೂಲು ಸುತ್ತಿದ ಕೋಲುಗಳಿಂದ ನುಡಿಸಬೇಕು. ಇದಕ್ಕೆ ನಲವತ್ತೊಂಬತ್ತು ಪಟ್ಟಿಗಳಿವೆ. ಇದನ್ನು ಮಾಡಿದವರು ಕಳೆದ ಆಷಾಢದಲ್ಲಿ ತೀರಿಕೊಂಡರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ, ಸಂಬಂಧದಿಂದ ಅಲ್ಲ, ಬಳಕೆಯಿಂದ. ಅವರ ಮುಂದೆ ನಾನು ಒಂದು ತಪ್ಪು ಒಪ್ಪಿಕೊಳ್ಳುವುದಿತ್ತು. ಎಂಟು ವರ್ಷ ಒಪ್ಪಿಕೊಳ್ಳಲಿಲ್ಲ. ಟ್ರ್ಯಾಕ್ಟರು ಹೋದ ಮೇಲೆ ಗುನುಗುವ ಎಡತುದಿಯ ಪಟ್ಟಿಗೆ ಸೇರಿದ ತಪ್ಪು ಅದು.

ಮೊದಲು ನನ್ನ ವಿಷಯ ಎರಡು ಮಾತು. ನಾನು ಮಸಗುಪ್ಪಿಯವಳು. ಅಪ್ಪ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದ, ಅವ್ವ ಅವನ ಹಿಂದೆ ಸೂಡು ಕಟ್ಟುತ್ತಿದ್ದಳು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಎಲ್ಲಿ ಹೋದರೂ ಹೇಳುತ್ತೇನೆ, ಹೇಳಲು ಸಂಕೋಚವಿಲ್ಲ. ಗೋಕಾಕದ ಕಾಲೇಜಿಗೆ ಹೆಸರು ಹಚ್ಚಿದಾಗ ಉಳಿಯಲು ಜಾಗವಿರಲಿಲ್ಲ. ಧುಪದಾಳದಲ್ಲಿ ಚಿಗವ್ವನ ಮನೆ ಇತ್ತು. ಅಲ್ಲಿಂದ ದಿನಾ ಬಸ್ಸಿನಲ್ಲಿ ಓಡಾಡಿದೆ. ಚಿಗವ್ವನ ಗೋಡೆಗೆ ಗೋಡೆ ಹತ್ತಿದ ಮನೆ ಕಾಕಾನದು.

ಮೊದಲ ದಿನವೇ ಗೋಡೆಯಾಚೆಯಿಂದ ಸದ್ದು ಬಂತು. ಮಳೆಹನಿ ಅನ್ನೋಣವೆಂದರೆ ಅದಕ್ಕೆ ಸ್ವರವಿತ್ತು.

“ಅದೇನ ಚಿಗವ್ವಾ?”

“ಅದಾ? ಹುಕ್ಕೇರಿ ಬಡಿಗ್ಯಾ. ಹೇಣ್ತಿ ಸತ್ತ ಮ್ಯಾಲ ತಲಿ ಕೆಟ್ಟೈತಿ. ಕಿಡಕಿ ಬಾಗಲಾ ಮಾಡೂದ ಬಿಟ್ಟ ಏಣಿ ಬಡಕೋತ ಕುಂತಾನ. ಹಗಲೆಲ್ಲಾ ಟಕಾಟಕಾ.”

ಬೈಯುವುದನ್ನೂ ಬೈಯುತ್ತಿದ್ದಳು, ರೊಟ್ಟಿ ಮಾಡಿದ ದಿನ ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಯಲ್ಲಿ ಕಳಿಸುವುದನ್ನೂ ಕಳಿಸುತ್ತಿದ್ದಳು. ಹಾಗೆ ರೊಟ್ಟಿ ಒಯ್ದೇ ನಾನು ಆ ಮನೆಯ ಒಳಗೆ ಹೋದದ್ದು.

ಕಾಕಾ ಕುಳ್ಳರು. ತೋಳುಗಳು ಮಾತ್ರ ದೊಡ್ಡ ಆಳಿನವು. ಎರಡೂ ಕೈಯ ತೋರುಬೆರಳು ನಡುಬೆರಳುಗಳ ನಡುವೆ ಚರ್ಮ ಕೊಂಬಿನ ಹಾಗೆ ಗಟ್ಟಿಯಾಗಿತ್ತು. ಕೈಗೆರಡರಂತೆ ನಾಲ್ಕು ಕೋಲು ಹಿಡಿಯುವವರಿಗೆ ಆಗುವ ಗುರುತು ಅದು. ನನಗೂ ಆಮೇಲೆ ಆಯಿತು, ಈಗ ಮಾಸಿದೆ. ಅವರು ಬಲಗೈಯ ಎರಡು ಕೋಲು ಬಿಡದೆಯೇ ಚಹಾದ ಬಸಿ ಎತ್ತುತ್ತಿದ್ದರು. ಕೋಲಿನ ತಲೆಗೆ ಸುತ್ತುವ ನೂಲು ಹಳೆಯ ಕಂಬಳಿಯಿಂದ ಬಿಚ್ಚಿದ್ದು. ಸುತ್ತುವಾಗ ಹಲ್ಲಿನಲ್ಲಿ ಎಳೆ ಕಚ್ಚಿಕೊಂಡು ಮಾತಾಡುತ್ತಿದ್ದುದರಿಂದ ಅವರ ಎಷ್ಟೋ ಮಾತು ನನಗೆ ಅರ್ಧವೇ ತಿಳಿದಿವೆ.

ಹುಕ್ಕೇರಿಯಲ್ಲಿದ್ದಾಗ ಅವರು ಮದುವೆ ಸುಗ್ಗಿಯಲ್ಲಿ ಬ್ಯಾಂಡ್ ಪಾರ್ಟಿಯ ಜೊತೆ ಹೋಗುತ್ತಿದ್ದರಂತೆ, ಉಳಿದ ತಿಂಗಳು ಬಡಿಗತನ. ಒಮ್ಮೆ ಪುಣೆಯ ಒಂದು ದೊಡ್ಡ ಮನೆಗೆ ಕಿಟಕಿ ಕೂರಿಸಲು ಹೋದರು. ಆ ಮನೆಯ ಮಗಳು ಮರಿಂಬಾ ಕಲಿಯುತ್ತಿದ್ದಳು.

“ನಾ ಟೇಪ್ ಹಿಡಕೊಂಡ ಒಳಗ ಹೋದೆ. ಕಿಡಕಿ ಅಳತಿ ಬಿಟ್ಟ ಅದರ ಅಳತಿ ತಗೊಂಡೆ,” ಎಂದು ಹೇಳಿ ನಗುತ್ತಿದ್ದರು. “ಆ ಹುಡಗಿ ನುಡಸಾಕತ್ತಿದ್ಲು, ನಾ ಕೆಳಗ ಅಡ್ಡ ಬಿದ್ದ ಕೊಳವಿ ಎಷ್ಟ ಉದ್ದ ಅದಾವ ನೋಡಾಕತ್ತಿದ್ದೆ. ಅವರವ್ವ ಬಂದಾಕಿ ಕಳ್ಳಂತ ತಿಳದ ಒದರಿದ್ಲು.”

ಎರಡು ವರ್ಷ ಕೂತು ಮಾಡಿದರು. ಬೀಟೆ ಮರ ಕೊಳ್ಳುವ ಶಕ್ತಿ ಇರಲಿಲ್ಲ. ಹಳೇ ಮನೆ ಎಲ್ಲಿ ಕೆಡವುತ್ತಾರೆಂದು ಹುಕ್ಕೇರಿ, ಗೋಕಾಕ ಸುತ್ತಿ ಬಾಗಿಲ ಚೌಕಟ್ಟು, ಮಂಚದ ಪಟ್ಟಿ ಆರಿಸಿ ತಂದರು. ಕೊಳವೆಗಳಿಗೆ ಹೊಲದ ಪೈಪು. ಎಡತುದಿಯ ಎಲ್ಲಕ್ಕಿಂತ ದೊಡ್ಡ ಪಟ್ಟಿಗೆ ಮಾತ್ರ ಅವರು ಊರು ಸುತ್ತಲಿಲ್ಲ. ಅದು ಅವರದೇ ಮನೆಯ ಹೊಸ್ತಿಲು. ಹುಕ್ಕೇರಿಯ ಮನೆ ರಸ್ತೆ ಅಗಲಿಸುವಾಗ ಹೋಯಿತು. ಗೋಡೆ ಬೀಳುವ ಮೊದಲು ಹೊಸ್ತಿಲೊಂದನ್ನು ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ಬಸ್ಸು ಹತ್ತಿದರಂತೆ.

ಮರಿಂಬಾದ ಪಟ್ಟಿಯನ್ನು ಕೆಳಗಡೆ ನಡುವೆ ಕೆತ್ತಿ ಕಮಾನಿನ ಹಾಗೆ ತಗ್ಗು ಮಾಡಬೇಕು. ಸ್ವರ ಬರುವುದು ಹಾಗೆಯೇ. ಹೊಸ್ತಿಲು ಆಗಲೇ ನಡುವೆ ಸವೆದಿತ್ತು.

“ನೋಡ, ಅರ್ಧಾ ಕೆಲಸಾ ನಮ್ಮ ಹಿರ್ಯಾರ ಕಾಲ ಮಾಡ್ಯಾವ,” ಎನ್ನುತ್ತಿದ್ದರು. “ನಮ್ಮಾಕಿ ಸೇರ ಒದ್ದ ಒಳಗ ಬಂದದ್ದ ಇದನ್ನ ದಾಟೇ. ಹೊರಗ ಹೋದದ್ದೂ ಇದನ್ನ ದಾಟೇ.”

ಸವೆದ ಮುಖವನ್ನು ಕೆಳಗೆ ಮಾಡಿ ಕೂರಿಸಿದ್ದರು. ಆ ಪಟ್ಟಿಯ ಸ್ವರ ಮಿಕ್ಕವುಗಳಿಗಿಂತ ಬೇರೆ. ಬೇಗ ಆರುತ್ತಿರಲಿಲ್ಲ. ನುಡಿಸಿ ಕೋಲು ಎತ್ತಿದ ಮೇಲೆ ಅದು ಕೋಣೆಯನ್ನು ಒಂದು ಸುತ್ತು ಹಾಕಿ ಹೋಗುತ್ತಿತ್ತು.

ರೊಟ್ಟಿ ಒಯ್ದ ಹುಡುಗಿ ಶಿಷ್ಯೆಯಾದದ್ದು ಇಂಗ್ಲಿಷಿನಿಂದ. ಕಾಕಾನ ಫೋನಿನಲ್ಲಿ ಒಂದು ಗುಂಪು ಇತ್ತು. ಒಬ್ಬರೇ ಕೂತು ಮರಿಂಬಾ ನುಡಿಸುವವರು ದೇಶದೇಶಗಳಿಂದ ಸೇರಿಕೊಂಡ ಗುಂಪು. ಪುಣೆಯ ಆ ಮನೆಯ ಮಗಳೇ ಸೇರಿಸಿದ್ದಳಂತೆ. ತಿಂಗಳಿಗೊಮ್ಮೆ ಒಬ್ಬರು ಒಂದು ಚಿಕ್ಕ ಕೃತಿ ಹಾಕುವರು, ಉಳಿದವರು ಕಲಿತು, ನುಡಿಸಿ, ವಿಡಿಯೊ ಹಾಕುವರು, ಒಬ್ಬರ ಕೈ ಒಬ್ಬರು ತಿದ್ದುವರು. ಕಾಕಾ ಕಣ್ಣಿನಿಂದ ನೋಡಿ ಕಲಿಯುತ್ತಿದ್ದರು. ಆದರೆ ತಮ್ಮ ವಿಡಿಯೊದ ಕೆಳಗೆ ಜನ ಏನು ಬರೆದಿದ್ದಾರೆಂದು ತಿಳಿಯುತ್ತಿರಲಿಲ್ಲ.

“ಬಿಎ ಬಾಯಾರ, ಬರ್ರಿ. ಇದರಾಗ ಬೈದಾರೋ ಹೊಗಳ್ಯಾರೋ ಓದಿ ಹೇಳ್ರಿ.”

ನನಗೆ ಆಗ ಎಂಥ ಹೆಮ್ಮೆ! ಕಾಲೇಜಿನಲ್ಲಿ ಬಾಯಿ ಬಿಡಲು ಹೆದರುತ್ತಿದ್ದ ನನ್ನ ಇಂಗ್ಲಿಷು ಅಲ್ಲಿ ಕೆಲಸಕ್ಕೆ ಬಂತು. ಜಪಾನಿನ ಒಬ್ಬ ಅಜ್ಜಿ ಪ್ರತಿಸಲ ಬರೆಯುತ್ತಿದ್ದರು. ‘ಎಡ ಮಣಿಕಟ್ಟು ಬಿಗಿಯಾಗಿದೆ. ಹಕ್ಕಿ ಹಿಡಿದ ಹಾಗೆ ಹಿಡಿಯಿರಿ’ ಎಂದು. ನಾನು ಓದಿ ಹೇಳಿದರೆ ಕಾಕಾ ಎಡಗೈಯನ್ನೇ ದಿಟ್ಟಿಸುತ್ತ ಕೂರುತ್ತಿದ್ದರು. ಇನ್ನೊಬ್ಬರು, ‘ನಾನು ಅಭ್ಯಾಸ ಶುರು ಮಾಡಿದರೆ ಪಕ್ಕದ ಮನೆಯವರು ಗೋಡೆ ಗುದ್ದುತ್ತಾರೆ, ನಿಮ್ಮಲ್ಲಿ ಹೇಗೆ?’ ಎಂದು ಕೇಳಿದ್ದರು.

“ನಮ್ಮಲ್ಲಿ ಗ್ವಾಡಿ ಗುದ್ದೂದಿಲ್ಲ, ಬೈದ ರೊಟ್ಟಿ ಕೊಡ್ತಾರ ಅಂತ ಬರಿ.”

ಬರೆದೆ. ಆ ಉತ್ತರ ಗುಂಪಿನಲ್ಲಿ ಎಲ್ಲರಿಗೂ ಹಿಡಿಸಿತು. ಯಾರಾದರೂ ಗೋಡೆ ಗುದ್ದಿಸಿಕೊಂಡರೆ ‘ಇವತ್ತು ರೊಟ್ಟಿ ಬಂತು’ ಎಂದು ಬರೆಯತೊಡಗಿದರು.

ಓದಿ ಹೇಳಿದ್ದಕ್ಕೆ ಪ್ರತಿಯಾಗಿ ಅವರು ನನಗೆ ಕೋಲು ಕೊಟ್ಟರು. ಮೊದಲ ತಿಂಗಳು ಪಟ್ಟಿ ಮುಟ್ಟಿಸಲಿಲ್ಲ. ಹಾಸಿಗೆಯ ಮೇಲೆ ನಾಲ್ಕು ಕೋಲು ಹಿಡಿದು ಅಭ್ಯಾಸ. ನಾನು ಬೀಸಿ ಬಡಿಯುತ್ತಿದ್ದೆ, ಕಬ್ಬು ಕಡಿಯುವವನ ಮಗಳಲ್ಲವೇ.

“ಹೊಡಿಬ್ಯಾಡ, ಎತ್ತು. ಸ್ವರಾ ಕಟ್ಟಿಗ್ಯಾಗ ಐತಿ. ನಿನ್ನ ಕೋಲಿನಾಗಿಲ್ಲ. ಮ್ಯಾಲ ಎತ್ತಿ ಕೊಡಬೇಕ ಅಷ್ಟ.”

ಕೆಲವು ಸಂಜೆ ನನ್ನನ್ನು ಒಡ್ಡಿನ ದಂಡೆಗೆ ಕರೆದೊಯ್ಯುತ್ತಿದ್ದರು. ಘಟಪ್ರಭೆಯ ನೀರು ಧುಪದಾಳದ ಒಡ್ಡಿನ ಮೇಲಿಂದ ಒಂದೇ ಸಮ ಜಾರುವುದನ್ನು ತೋರಿಸಿ ಅಂಥದ್ದನ್ನು ನಾಲ್ಕು ಕೋಲಿನಲ್ಲಿ ತರಬೇಕು ಅನ್ನುತ್ತಿದ್ದರು, ಎಲ್ಲಿ ಒಂದು ಪೆಟ್ಟು ಮುಗಿದು ಇನ್ನೊಂದು ಶುರುವಾಯಿತೆಂದು ಗೊತ್ತಾಗಬಾರದು. ಅದೇ ನೀರಿನ ಮೇಲೆ ಅವರು ಒಂದು ಕೃತಿ ಕಟ್ಟಿದ್ದರು. ಅವರದೆಂದು ಇರುವುದು ಅದೊಂದೇ. ಅದು ಹೊಸ್ತಿಲ ಪಟ್ಟಿಯಿಂದ ಶುರುವಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಪಟ್ಟಿ ಶ್ರುತಿ ಮಾಡುವುದನ್ನೂ ತೋರಿಸಿಕೊಟ್ಟಿದ್ದರು. ಕೆಳಗೆ ನಡುವೆ ಕೆರೆದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಕೆರೆದರೆ ಏರುತ್ತದೆ. ಕಾನಸ, ಅಂದರೆ ಬಡಿಗನ ಅರ, ಅದರಿಂದ ಒಂದು ಎಳೆತ ಎಳೆದು, ಊದಿ, ಕೂರಿಸಿ, ಕೇಳಿ, ಮತ್ತೆ ಒಂದು ಎಳೆತ. ಒಂದು ಪಟ್ಟಿಗೆ ಒಂದು ವಾರ. ತೋರಿಸಿದರೇ ಹೊರತು ನನ್ನ ಕೈಗೆ ಕಾನಸ ಕೊಡಲಿಲ್ಲ.

“ಬ್ಯಾಡ. ತಗದದ್ದನ್ನ ತಿರಗಿ ಹಚ್ಚಾಕ ಬರೂದಿಲ್ಲ.”

ನನ್ನ ಬಿಎ ಕೊನೆಯ ಪರೀಕ್ಷೆ ಮುಗಿದ ಬೇಸಿಗೆ. ಜಪಾನಿನ ಅಜ್ಜಿ ಒಂದು ಮಾತು ಬರೆದಿದ್ದರು: ‘ನಿಮ್ಮ ಎಡತುದಿಯ ಪಟ್ಟಿ ಸ್ವಲ್ಪ ಏರಿದೆ, ಕೇಳಿಸಿಕೊಳ್ಳಿ.’ ಓದಿ ಹೇಳಿದೆ.

“ಏರೇತಿ, ಖರೆ. ಬ್ಯಾಸಗಿ ಅಲ್ಲಾ, ಒಣಗೇತಿ. ಮಳಿ ಬಂದ ಥಂಡಿ ಹಿಡಿದ್ರ ತಾನ ಇಳೀತೈತಿ. ಬಿಡ.”

ಮರುವಾರ ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಳಗಾವಿಗೆ ಹೋದರು. ಅಲ್ಲಿ ತಂಗಿಯ ಮನೆಯಲ್ಲಿ ಹತ್ತು ದಿನ ಇರುವುದಿತ್ತು. ಬೀಗದ ಕೈ ನನಗೆ ಕೊಟ್ಟು, ದಿನಾ ನುಡಿಸು, ಕಟ್ಟಿಗೆಗೆ ಬೇಸರಾಗಬಾರದು ಎಂದು ಹೇಳಿ ಹೋದರು.

ನಾನು ಆಗಷ್ಟೇ ಸ್ವರ ಅಳೆಯುವ ಆ್ಯಪನ್ನು ಫೋನಿಗೆ ಹಾಕಿಕೊಂಡಿದ್ದೆ. ಮುಳ್ಳು ನಡುವೆ ನಿಂತರೆ ಸರಿ, ಬಲಕ್ಕೆ ಹೋದರೆ ಏರಿದೆ, ಎಡಕ್ಕೆ ಹೋದರೆ ಇಳಿದಿದೆ. ಹೊಸ್ತಿಲ ಪಟ್ಟಿಗೆ ಮುಳ್ಳು ಬಲಕ್ಕೆ ಹೋಗಿ ನಿಲ್ಲುತ್ತಿತ್ತು. ಮಳೆ ಬರಲಿ ಎನ್ನುವುದು ಓದುಬರಹ ಬಾರದ ಅಡಾಣಿಗಳ ಮಾತು ಅನ್ನಿಸಿತು. ಹೌದು, ಆ ಶಬ್ದವೇ ಮನಸ್ಸಿನಲ್ಲಿ ಬಂದಿತ್ತು. ಬರೆಯುವಾಗ ಮೆತ್ತಗೆ ಮಾಡುವುದಿಲ್ಲ. ನಾನು ಓದಿದವಳು, ನನ್ನ ಕೈಯಲ್ಲಿ ಅಳತೆ ಇದೆ, ಬಂದ ಕೂಡಲೇ ನುಡಿಸಿ ಬೆರಗಾಗಲಿ ಎಂದುಕೊಂಡೆ.

ಪಟ್ಟಿಗಳನ್ನು ಪೋಣಿಸಿದ ದಾರ ಬಿಚ್ಚಿ, ಹೊಸ್ತಿಲ ಪಟ್ಟಿ ತೆಗೆದು ತೊಡೆಯ ಮೇಲೆ ಬೋರಲು ಹಾಕಿಕೊಂಡೆ. ಸವೆದ ಜಾಗ ನುಣ್ಣಗೆ, ತಣ್ಣಗಿತ್ತು. ಒಂದು ಎಳೆತ. ಮುಳ್ಳು ಒಂದು ಕೂದಲು ಸರಿಯಿತು. ಇನ್ನೊಂದು. ಇನ್ನೊಂದು. ಕೇಳುವುದನ್ನು ಬಿಟ್ಟು ಮುಳ್ಳನ್ನೇ ನೋಡುತ್ತಿದ್ದೆ. ಹೊರಗೆ ಎಷ್ಟು ಗಟ್ಟಿಯೋ ಒಳಗೆ ಅಷ್ಟು ಮೆತ್ತಗಿತ್ತು ಆ ಹಳೇ ಮರ. ಒಂದು ಎಳೆತಕ್ಕೆ ಕಾನಸ ಅಷ್ಟಗಲ ಕಚ್ಚಿತು. ಕೂರಿಸಿ ನುಡಿಸಿದೆ. ಮುಳ್ಳು ನಡುವನ್ನು ದಾಟಿ ಎಡಕ್ಕೆ ಹೋಗಿತ್ತು. ಮುಳ್ಳು ಬೇಕಾಗಿರಲಿಲ್ಲ, ಪಕ್ಕದ ಪಟ್ಟಿಯ ಜೊತೆ ನುಡಿಸಿದರೆ ನನ್ನ ಕಿವಿಗೇ ಹುಳಿ ಹತ್ತುತ್ತಿತ್ತು.

ತುದಿಯಲ್ಲಿ ಕೆರೆದು ಏರಿಸೋಣವೆಂದರೆ, ಹಳೆಯ ಮೊಳೆಯ ತೂತಿನಿಂದ ಒಂದು ಸೀಳು ತುದಿಯವರೆಗೆ ಬಂದಿತ್ತು. ಅಲ್ಲಿ ಮುಟ್ಟಿದರೆ ಪಟ್ಟಿಯೇ ಒಡೆಯುತ್ತಿತ್ತು. ಎಷ್ಟೋ ಹೊತ್ತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಕೆರೆದ ಜಾಗ ಹಸಿ ಗಾಯದ ಹಾಗೆ ಕೆಂಪಗೆ ಕಾಣುತ್ತಿತ್ತು. ಆಮೇಲೆ ಮಾಡಿದ್ದು ಬುದ್ಧಿವಂತಿಕೆಯ ಕೆಲಸ. ಶೇಂಗಾ ಎಣ್ಣೆಯಲ್ಲಿ ನನ್ನ ಕಾಡಿಗೆ ಕಲಸಿ ಆ ಜಾಗಕ್ಕೆ ತಿಕ್ಕಿದೆ. ಹಳೆಯ ಬಣ್ಣ ಬಂತು. ಪಟ್ಟಿ ಕಟ್ಟಿದೆ, ಪುಡಿ ಗುಡಿಸಿದೆ, ಬೀಗ ಹಾಕಿದೆ.

ಕಾಕಾ ಕರಿ ಕನ್ನಡಕ ಹಾಕಿಕೊಂಡು ಬಂದರು. ಕೈಕಾಲು ತೊಳೆಯದೇ ಕೋಲು ಎತ್ತಿಕೊಂಡರು. ಬಲಗಡೆಯಿಂದ ಒಂದೊಂದೇ ಪಟ್ಟಿ ಮುಟ್ಟುತ್ತ ಎಡಕ್ಕೆ ಬಂದರು, ಬಹಳ ದಿನದ ಮೇಲೆ ದನದ ಕೊಟ್ಟಿಗೆಗೆ ಬಂದವರು ಒಂದೊಂದರ ಬೆನ್ನು ಸವರುವ ಹಾಗೆ. ಕೊನೆಗೆ ಹೊಸ್ತಿಲ ಪಟ್ಟಿ. ನುಡಿಸಿದರು. ನಿಂತರು. ಇನ್ನೊಮ್ಮೆ ನುಡಿಸಿದರು. ಅದು ಕೋಣೆ ಸುತ್ತಿ ಆರುವವರೆಗೂ ಕಾದರು. ಆಮೇಲೆ ಕೋಲು ಇಟ್ಟು, ಬಗ್ಗಿ, ಪಟ್ಟಿಯ ಕೆಳಗೆ ಕೈ ಹಾಕಿ ಒಂದು ಗಳಿಗೆ ಹಾಗೇ ಇದ್ದರು.

“ಚಾ ಮಾಡವ್ವಾ,” ಅಂದರು.

ಮಾಡಿ ಕೊಟ್ಟೆ. ಕುಡಿದರು. ಕಣ್ಣಿನ ಆಸ್ಪತ್ರೆಯಲ್ಲಿ ಪಕ್ಕದ ಮಂಚದವ ಗೊರಕೆ ಹೊಡೆಯುತ್ತಿದ್ದುದನ್ನು ಹೇಳಿದರು. ನಾನೂ ನಕ್ಕೆ. ಕಣ್ಣಿಗೆ ಮಂಜು, ಕಿವಿಗೆ ಪ್ರಯಾಣದ ದಣಿವು, ಅವರಿಗೆ ತಿಳಿದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾಳೆ ಒಪ್ಪಿಕೊಂಡರಾಯಿತು ಎಂದುಕೊಂಡೆ. ನಾಳೆ ಹೇಳಲಿಲ್ಲ. ಹದಿನೈದು ದಿನಕ್ಕೆ ಎಂಎಗೆ ಸೀಟು ಸಿಕ್ಕು ಧುಪದಾಳ ಬಿಟ್ಟೆ.

ಆ ಮಳೆಗಾಲವೆಲ್ಲ ಚಿಗವ್ವ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದಳು. “ಬಡಿಗ್ಯಾ ಬಾಗಲಾ ಹಾಕ್ಕೊಂಡ ಕುಂತಾನ ನೋಡವಾ. ಬಾರ್ಸೂದಿಲ್ಲ, ಏನಿಲ್ಲ. ಹಗಲೆಲ್ಲಾ ಕೆರದದ್ದ ಕೆರದದ್ದ, ಇಲಿ ಕೆರದಂಗ. ಏನ್ ಮಾಡಾಕತ್ತೀಯೋ ಅಂದ್ರ, ದುರಸ್ತಿ ಅಂತಾನ.”

ಹೊಸ್ತಿಲ ಪಟ್ಟಿಯನ್ನು ಸರಿ ಮಾಡುತ್ತಿದ್ದಾರೆ ಎಂದು ತಿಳಿದೆ. ತೆಗೆದದ್ದನ್ನು ತಿರುಗಿ ಹಚ್ಚಲು ಬರುವುದಿಲ್ಲ ಎಂಬ ಮಾತನ್ನು ಬೇಕೆಂದೇ ಮರೆತೆ. ದಸರೆ ರಜೆಗೆ ಹೋದಾಗ ನುಡಿಸಿ ತೋರಿಸಿದರು. ಎಲ್ಲಿಯೂ ಹುಳಿ ಇರಲಿಲ್ಲ. ಎಡತುದಿಯ ಪಟ್ಟಿ ಪಕ್ಕದ ಪಟ್ಟಿಯ ಜೊತೆ ಸಂಸಾರ ಮಾಡಿಕೊಂಡಿತ್ತು. ಎಲ್ಲ ಕೊಳವೆಗಳ ಬುಡಕ್ಕೆ ನೀಲಿ ಟೇಪು ಸುತ್ತಿ ಒಂದು ಬೆರಳು ಪೈಪು ಜೋಡಿಸಿದ್ದರು. ಇದೇನು ಕಾಕಾ ಎಂದೆ. “ಗಾಳಿ ಸೋರ್ತಿತ್ತವಾ,” ಅಂದರು. ಎದೆಯ ಮೇಲಿನ ಕಲ್ಲು ಇಳಿಯಿತು ಎಂದುಕೊಂಡೆ. ಸರಿ ಹೋದದ್ದನ್ನು ಯಾಕೆ ಕೆದಕಬೇಕು?

ಆದರೆ ಅಲ್ಲಿಂದ ಅವರು ಬೇರೆಯಾದರು. ಮಠದ ಭಜನೆಗೆ ಶ್ರಾವಣದಲ್ಲಿ ಹಾರ್ಮೋನಿಯಂ ಜೊತೆ ನುಡಿಸುತ್ತಿದ್ದವರು ಹೋಗುವುದನ್ನು ಬಿಟ್ಟರು. ಹುಕ್ಕೇರಿಯ ಹಳೇ ಗೆಳೆಯರು ಮದುವೆಯ ಆರ್ಕೆಸ್ಟ್ರಾಕ್ಕೆ ಕರೆದರೆ ಬರಲ್ಲ ಅಂದರು. “ಇನ್ನ ಒಬ್ಬನ ನುಡಸ್ತೇನಿ,” ಇಷ್ಟೇ ಉತ್ತರ. ಊರು ಸುಮ್ಮನಿದ್ದೀತೇ? “ಬಡಿಗ್ಯಾಗ ಫಾರಿನ್ ಗಾಳಿ ಬಡದೈತಿ, ನಮ್ಮ ಪೆಟಗಿ ಸದ್ದ ಹೊಲಸ ನಾರ್ತೈತಿ,” ಎಂದು ಭಜನೆಯವರು ಆಡಿಕೊಂಡರು. ನಾನೂ ನಂಬಿದೆ.

ನಂಬಿದ್ದಷ್ಟೇ ಅಲ್ಲ. ಮೂಡಲಗಿಯ ಕಾಲೇಜಿನಲ್ಲಿ ನನಗೆ ಉಪನ್ಯಾಸಕಿಯ ಕೆಲಸ ಸಿಕ್ಕ ವರ್ಷ, ವಾರ್ಷಿಕ ಸಮಾರಂಭಕ್ಕೆ ಅವರನ್ನು ಕರೆಸಿದೆ. ಅಪ್ಪ ಅವ್ವ ಮೊದಲ ಸಾಲಿನಲ್ಲಿ ಕೂರುವವರಿದ್ದರು. ನನ್ನ ವಿದ್ಯಾರ್ಥಿನಿಯರು ಹಾಡುವ ಪ್ರಾರ್ಥನೆಗೆ ಹಾರ್ಮೋನಿಯಂ, ತಬಲಾ ಜೊತೆ ಅವರೂ ನುಡಿಸಲಿ ಎಂದು ನನ್ನ ಆಸೆ. ಟೆಂಪೋದಿಂದ ವಾದ್ಯ ಇಳಿಸುತ್ತಿರುವಾಗಲೇ ಹೇಳಿದೆ.

“ಕೂಡಿ ಆಗೂದಿಲ್ಲವ್ವಾ. ಒಬ್ಬನ ನುಡಸ್ತೇನಿ.”

“ಹುಡಗ್ಯಾರು ತಿಂಗಳದಿಂದ ತಯಾರಿ ಮಾಡ್ಯಾರ ಕಾಕಾ.”

“ಆಗೂದಿಲ್ಲ.”

“ಅಷ್ಟ ದೊಡ್ಡವರಾದ್ರೇನ್ರಿ ನೀವು?” ಸಹೋದ್ಯೋಗಿಗಳ ಎದುರೇ ಕೇಳಿದೆ. ‘ರಿ’ ಹಚ್ಚಿದ್ದು ಮರ್ಯಾದೆಗಲ್ಲ, ಚುಚ್ಚಲು.

ಅವರು ಕೊಳವೆಯ ಟೇಪು ಸರಿಮಾಡುತ್ತ, ತಲೆ ಎತ್ತದೇ ನಕ್ಕರು. “ದೊಡ್ಡಾವಲ್ಲವ್ವಾ. ಒಬ್ಬಾವ.”

ಪ್ರಾರ್ಥನೆ ಅವರಿಲ್ಲದೇ ಆಯಿತು. ಕೊನೆಗೆ ಅವರು ಒಬ್ಬರೇ ನೀರಿನ ಕೃತಿ ನುಡಿಸಿದರು. ಹಿಂದಿನ ಸಾಲಿನ ಹುಡುಗರು ಮೊದಲು ಸಿಳ್ಳೆ ಹಾಕಿದರು, ಆಮೇಲೆ ಹಾಕಲಿಲ್ಲ. ಕೊನೆಯ ಸ್ವರ ಹೊಸ್ತಿಲ ಪಟ್ಟಿಯಿಂದ ಎದ್ದು ಸಭಾಂಗಣದ ಪತ್ರಾಸಿನ ಮಾಡಿನ ಕೆಳಗೆ ಸುತ್ತು ಹಾಕಿತು. ಅವ್ವ ನನ್ನ ಕೈ ಹಿಡಿದು, “ನಮ್ಮ ಸತ್ತ ಮಂದಿ ನೆನಪಾದ್ರಲ್ಲ,” ಅಂದಳು. ನಾನು ಮುಖ ಬಿಗಿದುಕೊಂಡೇ ಇದ್ದೆ. ಅವರನ್ನು ಟೆಂಪೋದವರೆಗೂ ಬಿಟ್ಟುಬರಲು ಹೋಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಧುಪದಾಳಕ್ಕೆ ಹೋದದ್ದು ಬೆರಳ ಮೇಲೆ ಎಣಿಸುವಷ್ಟು. ಗುಂಪಿನ ಮಾತು ಓದಿ ಹೇಳುವುದನ್ನೂ ನಿಲ್ಲಿಸಿದ್ದೆ.

ಆಷಾಢದಲ್ಲಿ ಚಿಗವ್ವನ ಫೋನು ಬಂತು. “ಬಡಿಗ್ಯಾ ಹ್ವಾದನವಾ. ರೊಟ್ಟಿ ಕೊಡಾಕ ಹೋಗಿದ್ದೆ. ಕುಂತಲ್ಲೇ ಹೋಗ್ಯಾನ. ಕೈಯಾಗ ಕೋಲ ಹಂಗ ಅದಾವ.” ಬೈಯುತ್ತಿದ್ದವಳು ಅವಳೇ, ಅತ್ತವಳೂ ಅವಳೇ. ಬೆಳಗಾವಿಯ ತಂಗಿ ದಿನಕರ್ಮಗಳು ಮುಗಿದ ಮೇಲೆ ವಾದ್ಯವನ್ನು ನನ್ನ ಮನೆಗೆ ಕಳಿಸಿಕೊಟ್ಟಳು. “ಇದು ಬಿಎ ಬಾಯಿಗೆ ಹೋಗಬೇಕಂತ ಹೇಳಿಟ್ಟಿದ್ದ,” ಅಂದಳು.

ವಾದ್ಯದ ಜೊತೆ ಬಂದ ಕಾಕಾನ ಫೋನಿನಿಂದ ಗುಂಪಿಗೆ ಸುದ್ದಿ ಬರೆದೆ. ಜನ ತಂತಮ್ಮ ಕೋಣೆಗಳಲ್ಲಿ ಒಂದೊಂದು ಸ್ವರ ನುಡಿಸಿ ಕಳಿಸಿದರು. ಅವರ ನೀರಿನ ಕೃತಿಯನ್ನು ಎಲ್ಲರೂ ಕಲಿಯಬೇಕು, ನುಡಿಸಿ ಹಾಕು ಎಂದು ಕೇಳಿದರು. ಕೈ ಮರೆತಿತ್ತು. ಎರಡು ತಿಂಗಳು ಕೂತು ತಂದುಕೊಂಡು, ನುಡಿಸಿ ಹಾಕಿದೆ. ಜಪಾನಿನ ಅಜ್ಜಿ ಬರೆದರು. ಅವರ ಮಾತಿನ ಕನ್ನಡ ಇದು: ‘ಕೈ ಚೆನ್ನಾಗಿದೆ. ಒಂದು ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದ ನಂತರ ಅವರ ವಾದ್ಯ ಇಡಿಯಾಗಿ ಕೆಳಗಿಳಿಯಿತು. ಪ್ರತಿ ಪಟ್ಟಿಯೂ, ಒಂದೇ ಅಳತೆಯಲ್ಲಿ. ನಾನು ಅದರ ಜೊತೆ ನನ್ನದನ್ನು ನುಡಿಸಲು ಹೋದರೆ ಕೂಡುವುದಿಲ್ಲ. ಯಾವ ವಾದ್ಯವೂ ಕೂಡಲಾರದು. ಬೇಕೆಂದೇ ಮಾಡಿದ್ದೇ ಎಂದು ಅವರನ್ನು ಕೇಳಿದ್ದೆ. ಹೌದು ಅಂದರು. ಯಾಕೆ ಎಂದು ಕೇಳಿದೆ. ಉತ್ತರ ಬರಲಿಲ್ಲ. ನಿಮಗೆ ಗೊತ್ತೇ?’

ಗುಂಪಿನ ಹಳೆಯ ಮಾತುಗಳನ್ನು ಹಿಂದಕ್ಕೆ ಸರಿಸಿ ಸರಿಸಿ ಹುಡುಕಿದೆ. ಇತ್ತು. ಅಜ್ಜಿಯ ಪ್ರಶ್ನೆ, ಕೆಳಗೆ ಕಾಕಾ ಯಾರಿಂದಲೋ ಓದಿಸಿಕೊಂಡು ತಾವೇ ಒತ್ತಿದ ಮೂರು ಇಂಗ್ಲಿಷ್ ಅಕ್ಷರದ ‘ಯೆಸ್’. ಅದರ ಕೆಳಗೆ ‘ಯಾಕೆ?’ ಓದಿ ಹೇಳಿ ಉತ್ತರ ಬರೆಯುವವಳು ಆಗ ಅಲ್ಲಿರಲಿಲ್ಲ.

ಅವತ್ತು ಕಾಲೇಜಿಗೆ ರಜೆ ಹಾಕಿದೆ. ದಾರ ಬಿಚ್ಚಿ ನಲವತ್ತೊಂಬತ್ತೂ ಪಟ್ಟಿಗಳನ್ನು ಚಾಪೆಯ ಮೇಲೆ ಬೋರಲು ಮಲಗಿಸಿದೆ. ಹೆಬ್ಬೆರಳಷ್ಟಗಲದ ಚಿಕ್ಕ ಪಟ್ಟಿಗಳಿಂದ ಹಿಡಿದು ಎಲ್ಲವುಗಳ ನಡುವೆಯೂ ಹಳೇ ಬಣ್ಣದ ಮೇಲೆ ಹೊಸ ಕಾನಸದ ಗೆರೆಗಳಿದ್ದವು. ಒಂದೊಂದೇ ಎಳೆತ, ಊದಿ, ಕೂರಿಸಿ, ಕೇಳಿ ಮಾಡಿದ ಗೆರೆಗಳು. ಪೊರೆ ತೆಗೆಸಿದ ಕಣ್ಣಿನಲ್ಲಿ ಒಂದು ಇಡೀ ಮಳೆಗಾಲ. ಕೊಳವೆಗಳಿಗೆ ನೀಲಿ ಟೇಪು ಸುತ್ತಿ ಉದ್ದ ಮಾಡಿದ್ದೂ ಇಳಿದ ಸ್ವರಕ್ಕೆ ಸರಿಯಾಗಲೆಂದು. ಹೊಸ್ತಿಲ ಪಟ್ಟಿಯನ್ನು ಮಾತ್ರ ಅವರು ಮುಟ್ಟಿರಲಿಲ್ಲ. ನನ್ನ ಕಾನಸ ಕಚ್ಚಿದ ಗುಳಿ ಹಾಗೆಯೇ ಇತ್ತು, ಅದರಲ್ಲಿ ನನ್ನ ಎಣ್ಣೆ ಕಾಡಿಗೆ ಒಣಗಿತ್ತು.

ಬೇರೆ ಕಟ್ಟಿಗೆ ಹಾಕಬಹುದಿತ್ತು. ನನ್ನನ್ನು ಕರೆದು ಬೈಯಬಹುದಿತ್ತು. ಎರಡೂ ಮಾಡದೆ, ಕೆಟ್ಟ ಒಂದಕ್ಕೆ ಸರಿಯಿದ್ದ ನಲವತ್ತೆಂಟನ್ನು ಇಳಿಸಿದರು. ಇಳಿಸಿದ ಮೇಲೆ ಜಗತ್ತಿನ ಯಾವ ಹಾರ್ಮೋನಿಯಮ್ಮಿಗೂ ಅದು ಕೂಡಲಿಲ್ಲ. ಭಜನೆ ಹೋಯಿತು, ಆರ್ಕೆಸ್ಟ್ರಾ ಹೋಯಿತು, ಗೆಳೆಯರು ಹೋದರು. ಕೊನೆಗೆ ಅವರನ್ನು ಚುಚ್ಚಿ ಕೇಳಿದವಳು ನಾನೇ.

ಅಜ್ಜಿಗೆ ಉತ್ತರ ಬರೆಯಲು ಮೂರು ದಿನ ಹಿಡಿಯಿತು. ಇಷ್ಟು ಬರೆದೆ: ‘ಒಂದು ಪಟ್ಟಿಯನ್ನು ನಾನು ಕೆಡಿಸಿ ಮುಚ್ಚಿಟ್ಟೆ. ಅವರು ಉಳಿದವನ್ನೆಲ್ಲ ಅದಕ್ಕೆ ಇಳಿಸಿದರು. ನಾನು ಕೆಡಿಸಿದ್ದು ಅವರಿಗೆ ತಿಳಿದಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ.’ ಕಳಿಸುವ ಮೊದಲು ಕೊನೆಯ ಸಾಲನ್ನು ಅಳಿಸಿದೆ. ಅದು ಸುಳ್ಳು. ಎಂಟು ವರ್ಷ ನನಗೆ ನಾನೇ ಹೇಳಿಕೊಂಡ ಸುಳ್ಳು.

ಬೆಳಗಾವಿಯಿಂದ ಬಂದ ದಿನ ಅವರು ಚಹಾ ಕುಡಿದಿಟ್ಟ ಬಿಳಿ ಬಸಿಯನ್ನು ತೊಳೆಯಲು ಒಯ್ದವಳು ನಾನು. ಅದರ ಅಂಚಿನ ಮೇಲೆ ಕಾಡಿಗೆಯ ಮೂರು ಬೆರಳ ಗುರುತುಗಳಿದ್ದವು. ಬೂದಿ ಹಚ್ಚಿ ತಿಕ್ಕಿ ತೊಳೆದು, ಒರೆಸಿ, ಗೂಡಿನಲ್ಲಿ ಬೋರಲು ಹಾಕಿ ಬಂದೆ.